ವರ್ಷದ ತೊಡಕಿನ ದಿನ ಅವ್ವ ಕೇಳಿದ್ದು

ವರ್ಷದ ತೊಡಕು ಅಂದ್ರೆ ನಮ್ಮ ಮನೆಗಳಲ್ಲಿ ಹೆಂಗಸರಿಗೆ ಒಲೆ, ಗಂಡಸರಿಗೆ ಇಸ್ಪೀಟು. ಇದು ನಿಮಗೇನು ಹೊಸದಲ್ಲ ಕಣ್ರವ್ವಾ. ಈ ಸಲ ಯುಗಾದಿಗೆ ಹೊಸಹೊಳಲಿನ ತವರು ಮನೇಲಿ ಎಲ್ಲಾರೂ ಸೇರಿದ್ವಿ. ತೊಡಕಿನ ದಿನ ಮುದ್ದೆ, ಬಾಡಿನ ಸಾರು ಮುಗಿದು, ಪಾತ್ರೆ ಬೆಳಗಿಟ್ಟು, ಸೆರಗಿಗೆ ಕೈ ಒರೆಸ್ಕೊಂಡು ನಡುಮನೆಗೆ ಬಂದೆ. ಬೆಂಗಳೂರಲ್ಲಿ ಕೆಲಸದಲ್ಲಿರೋ ನನ್ನ ತಮ್ಮನ ಮಗ ಒಂದು ರಟ್ಟಿನ ಡಬ್ಬದಿಂದ ಬಾಟ್ಲಿ ಈಚೆಗೆ ತೆಗೀತಿದ್ದ. ಬೆಳಕಿಗೆ ಹಿಡಿದಾಗ ಹೊಸ ಜೇನಿನ ಬಣ್ಣ.

"ಅತ್ತೆ, ಬಾ ಇಲ್ಲಿ. ಕುಡೀಬ್ಯಾಡ, ಒಂದ್ಸಲ ಮೂಸಿ ನೋಡು" ಅಂದ.

ಮೂಲೇಲಿ ನಮ್ಮವ್ವ ಎಲೆ ಅಡಿಕೆ ಕುಟ್ಕೊಂಡು ಕೂತಿದ್ಲು. ಅವಳಿಗೀಗ ಎಂಬತ್ತು ದಾಟಿದೆ. ಕುಟ್ಟೋದು ನಿಲ್ಲಿಸಿ ಕೇಳಿದ್ಲು: "ನಿಮ್ಮಪ್ಪ ಕುಡೀತಿದ್ದದ್ದೂ ಇದ್ನೇ ಏನವ್ವ?"

ನಡುಮನೆ ತಣ್ಣಗಾಯ್ತು. ನಮ್ಮಪ್ಪ ತೀರ್ಕೊಂಡಿದ್ದು 1998ರಲ್ಲಿ, ಸಾರಾಯಿಯಿಂದ. ಹೊಟ್ಟೆ ಊದಿ, ಕಣ್ಣು ಹಳದಿ ತಿರುಗಿ ಹೋದ್ರು. ಹತ್ತಿರದೋರಿಗೆಲ್ಲ ಗೊತ್ತು, ಆದ್ರೆ ನಮ್ಮ ಮನೇಲಿ ಆ ಮಾತು ಎತ್ತೋರಿಲ್ಲ. ನಾನು ಮೂವತ್ತು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿದೋಳು. ಅವ್ವನ ಒಂದು ಪ್ರಶ್ನೆಗೆ ಉತ್ತರ ಬರ್ಲಿಲ್ಲ. ಆಮೇಲೆ ಕೂತು ಓದಿದೆ, ತಿಳಿದೋರನ್ನ ಕೇಳಿದೆ. ತಿಳಿದಷ್ಟನ್ನ ಇಲ್ಲಿ ಬರೀತಿದೀನಿ. ಇದು ಕುಡಿತದ ಹೊಗಳಿಕೆ ಅಲ್ಲ. ನಮ್ಮ ಮನೆಗಳಿಗೆ ಇದು ಯಾವ ದಾರೀಲಿ ಬಂತು ಅನ್ನೋ ಲೆಕ್ಕ.

ನಮ್ಮ ಕಡೆ ಮೊದ್ಲು ಇದ್ದದ್ದು ಹೆಂಡ. ಈಚಲ ಮರಕ್ಕೆ ಗಡಿಗೆ ಕಟ್ಟಿ ಇಳಿಸ್ತಿದ್ದದ್ದು. ಇಳಿಸಿದಾಗ ಸಿಹಿ, ಹೊತ್ತು ಏರಿದಂಗೆ ಹುಳಿ, ನೊರೆ. ಇದು ಇವತ್ತು ನಿನ್ನೆದಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ರಾಜ ಮೂರನೇ ಸೋಮೇಶ್ವರ ಬರೆಸಿದ ಮಾನಸೋಲ್ಲಾಸದಲ್ಲಿ ಮದಿರಾಪಾನಾನೂ ರಾಜನ ಕ್ರೀಡೆಗಳಲ್ಲಿ ಒಂದು. ಅದೇ ಶತಮಾನದಲ್ಲಿ ಬಸವಣ್ಣನೋರ ಕಾಲದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯ ಅಂತ ಒಬ್ರಿದ್ರು. ಹೆಂಡ ಮಾರೋದೇ ಅವರ ಕಾಯಕ. ರಾಜ ಕುಡಿದ್ರೆ ಕ್ರೀಡೆ, ಬಡವ ಕುಡಿದ್ರೆ ಕುಡುಕ. ಆಗಲೂ ಹಂಗೇ ಇದ್ದಿರಬೇಕು.

ರಾಜರತ್ನಂ ಅವರ ರತ್ನನ ಪದಗಳನ್ನ ನಾವೆಲ್ಲ ಹಾಡಿದೀವಿ. ಎಂಡ್ಕುಡ್ಕ ರತ್ನನ ಬಾಯಲ್ಲಿ ನಮ್ಮಂಥೋರ ಮಾತನ್ನೇ ಇಟ್ಟವ್ರೆ, ಅದಕ್ಕೇ ಇಷ್ಟ. ಬರೆದೋರು ಮಾತ್ರ ಒಂದು ಹನೀನೂ ಮುಟ್ಟಿದೋರಲ್ಲ ಅಂತಾರೆ. ಶಾಲೇಲಿ ಅದನ್ನ ಹಾಡಿಸುವಾಗೆಲ್ಲ ನನಗೆ ಒಂದೇ ಯೋಚ್ನೆ ಬರೋದು: ಆ ರಾತ್ರಿ ಅವನ ಹೆಂಡ್ತಿ ನಂಜಿ ಒಲೆ ಮೇಲೆ ಏನಿಟ್ಟಿದ್ಲು?

ಗಾಂಧಿ ಕಾಲದಲ್ಲಿ ಈಚಲ ಮರದ ಮೇಲೇ ಸತ್ಯಾಗ್ರಹ ನಡೀತು. 1939ರಲ್ಲಿ ಚಿತ್ರದುರ್ಗದ ಹತ್ತಿರ ತುರುವನೂರಿನಲ್ಲಿ ಜನ ಈಚಲ ಮರ ಕಡಿದು ಜೈಲಿಗೆ ಹೋದ್ರು. ಮುಂದೆ ನಿಂತೋರಲ್ಲಿ ನಿಜಲಿಂಗಪ್ಪನೋರೂ ಇದ್ರು. ಸ್ವಾತಂತ್ರ್ಯ ಬಂದ ಮೇಲೆ ರಾಜ್ಯದ ಎಷ್ಟೋ ಕಡೆ ಪಾನನಿಷೇಧ ಬಂತು. 1967ರಲ್ಲಿ ಅದನ್ನ ತೆಗೆದಾಗ ಮುಖ್ಯಮಂತ್ರಿ ಆಗಿದ್ದೋರು ಅದೇ ನಿಜಲಿಂಗಪ್ಪನೋರು. ನಾನು ಯಾರನ್ನೂ ಬಯ್ತಾ ಇಲ್ಲ. ಸರ್ಕಾರ ನಡೆಸೋಕೆ ದುಡ್ಡು ಬೇಕು, ಅಬಕಾರಿ ದುಡ್ಡು ಸಲೀಸು. ಮರ ಕಡಿದ ಕೈಗೂ ಆ ದುಡ್ಡು ಬ್ಯಾಡ ಅನ್ನೋಕೆ ಆಗ್ಲಿಲ್ಲ ಅನ್ನೋದಷ್ಟೇ ಚರಿತ್ರೆ.

ಇನ್ನು ನಮ್ಮ ಕಬ್ಬು. ಕನ್ನಂಬಾಡಿ ಕಟ್ಟೆ ಎದ್ದು, ನಾಲೆ ಹರಿದು, ಮಂಡ್ಯದ ಒಣ ಹೊಲ ಗದ್ದೆ ಆಯ್ತು. 1933ರಲ್ಲಿ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರ ದುಡಿಮೇಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಆಮೇಲೆ ಪಾಂಡವಪುರದಲ್ಲಿ, ನಮ್ಮ ಕೆ.ಆರ್.ಪೇಟೆಯ ಮಾಕವಳ್ಳೀಲಿ ಕಾರ್ಖಾನೆ ಬಂದವು. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಕರ್ರಗೆ, ಗಟ್ಟಿಯಾಗಿ ಒಂದು ಪಾಕ ಉಳೀತದೆ. ಅದೇ ಕಾಕಂಬಿ. ಅದಕ್ಕೆ ನೀರು, ಹುದುಗು ಹಾಕಿ ಭಟ್ಟಿ ಇಳಿಸಿದ್ರೆ ಮದ್ಯಸಾರ. ಮಂಡ್ಯದ ಕಾರ್ಖಾನೆ ಜೊತೆಗೂ ಇಂಥ ಡಿಸ್ಟಿಲರಿ ಇತ್ತು. ಆ ಸಾರಕ್ಕೆ ನೀರು ಬೆರೆಸಿದ್ರೆ ಸಾರಾಯಿ. ಬಣ್ಣ, ವಾಸನೆ ಸೇರಿಸಿ, ಒಂದಿಷ್ಟು ಮಾಲ್ಟ್ ಬೆರೆಸಿ ಬಾಟ್ಲಿಗೆ ತುಂಬಿದ್ರೆ ಅಗ್ಗದ ವಿಸ್ಕಿ. ಯೂರೋಪಿನ ಕಾನೂನಿನಲ್ಲಿ ಕಾಕಂಬಿ ಸಾರಕ್ಕೆ ವಿಸ್ಕಿ ಅನ್ನೋ ಹೆಸರು ಹಾಕಂಗಿಲ್ಲ. ನಮ್ಮಲ್ಲಿ ಬಹಳ ಕಾಲದಿಂದ ಹಾಕ್ಕೊಂಡು ಬಂದವ್ರೆ.

ನಮ್ಮಪ್ಪ ಹೆಂಡದಿಂದ ಶುರು ಮಾಡಿದ್ರು, ಸಾರಾಯಿಗೆ ಬಂದ್ರು, ಆಮೇಲೆ ಪ್ಯಾಕೆಟ್ಟು. ಹಾಲಿನ ಪ್ಯಾಕೆಟ್ಟಿನ ಚಿಕ್ಕ ತಮ್ಮನ ಹಂಗೆ ಇರ್ತಿತ್ತು, ಮೂಲೆ ಕಚ್ಚಿ ಕುಡಿಯೋದು. ಕಬ್ಬು ಕಾರ್ಖಾನೆಗೆ ಹೋಗಿ, ಬಟವಾಡೆ ಬಂದ ದಿನ ಅಪ್ಪ ಮನೆಗೆ ಬರೋದು ಕತ್ತಲಾದ ಮೇಲೆ. ನಾವು ಬೆಳೆದ ಕಬ್ಬೇ ಸುತ್ತು ಹಾಕ್ಕೊಂಡು ನಮ್ಮ ಬೀದಿಗೆ ಬಂದು, ಅದೇ ಕಬ್ಬಿನ ದುಡ್ಡನ್ನ ಇಸ್ಕೊಂಡು ಹೋಗ್ತಿತ್ತು. ಅವ್ವ ದುಡ್ಡು ಅಕ್ಕಿ ಡಬ್ಬದಲ್ಲಿ ಬಚ್ಚಿಡೋಳು. ಅವಳು ಬಚ್ಚಿಟ್ಟಷ್ಟೂ ಅಪ್ಪ ಇನ್ನೂ ಅಗ್ಗದ್ದು ಹುಡುಕ್ಕೊಂಡು ಹೋಗೋರು. ಕಳ್ಳಭಟ್ಟಿ ಎಲ್ಲಿ ಸಿಗ್ತದೆ ಅನ್ನೋದು ಅವರಿಗೆ ಗೊತ್ತಿತ್ತು. 1981ರಲ್ಲಿ ಬೆಂಗಳೂರಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತ ಸುದ್ದಿ ರೇಡಿಯೋದಲ್ಲಿ ಬಂದಾಗ, ಅಪ್ಪ ಮನೆ ಸೇರೋವರೆಗೆ ಅವ್ವ ಜಗಲಿ ಬಿಟ್ಟು ಏಳ್ಲಿಲ್ಲ.

ಸಾರಾಯಿ ನಿಂತಿದ್ದು 2007ರ ಜುಲೈ 1ಕ್ಕೆ. ಕುಮಾರಸ್ವಾಮಿಯೋರು ಮುಖ್ಯಮಂತ್ರಿ, ಅರ್ಥ ಖಾತೆ ನಮ್ಮ ತಾಲ್ಲೂಕಿನ ಬೂಕನಕೆರೇಲಿ ಹುಟ್ಟಿದ ಯಡಿಯೂರಪ್ಪನೋರ ಕೈಲಿತ್ತು. ನಮ್ಮಪ್ಪ ಹೋಗಿ ಆಗ್ಲೇ ಒಂಬತ್ತು ವರ್ಷ ಆಗಿತ್ತು. ಪ್ಯಾಕೆಟ್ಟು ಹೋಯ್ತು, ಅದರ ಜಾಗಕ್ಕೆ ಕ್ವಾಟ್ರು ಬಾಟ್ಲಿ ಬಂತು, ರಟ್ಟಿನ ಪೊಟ್ಟಣದ ತೊಂಬತ್ತು ಬಂತು.

ಹಂಗಾದ್ರೆ ನನ್ನ ತಮ್ಮನ ಮಗ ತಂದ ಬಾಟ್ಲೀಲಿ ಇದ್ದದ್ದೇನು? ಅದರ ಹೆಸರು ಅಮೃತ್. ಸಿಂಗಲ್ ಮಾಲ್ಟ್ ಅಂತ ಬರೆದಿತ್ತು. ಮಾಲ್ಟ್ ಅಂದಾಗ ಹೆದರಬ್ಯಾಡಿ, ನಿಮಗೆ ಗೊತ್ತಿರೋದೇ. ಮಗೀಗೆ ರಾಗಿ ಸರಿ ಮಾಡೋಕೆ ರಾಗಿ ನೆನೆಸಿ, ಬಟ್ಟೇಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸ್ತೀವಲ್ಲ, ಅದೇ ಮಾಲ್ಟು. ಮೊಳಕೆ ಒಡೆದಾಗ ಕಾಳಿನ ಒಳಗಿನ ಹಿಟ್ಟು ಸಿಹಿಗೆ ತಿರುಗೋಕೆ ತಯಾರಾಗ್ತದೆ. ಇಲ್ಲಿ ರಾಗಿ ಬದಲು ಬಾರ್ಲಿ. ಮೊಳಕೆ ಬಾರ್ಲೀನ ಬಿಸಿನೀರಲ್ಲಿ ಕಲಸಿ ಸಿಹಿ ನೀರು ಬಸಿದು, ಹುದುಗು ಹಾಕಿ ನೊರೆ ಬರಿಸಿ, ತಾಮ್ರದ ದೊಡ್ಡ ಹಂಡೇಲಿ ಎರಡು ಸಲ ಭಟ್ಟಿ ಇಳಿಸ್ತಾರೆ. ಅನ್ನ ಬೇಯೋವಾಗ ಮುಚ್ಚಳದ ಒಳಗೆ ಹನಿ ಕಟ್ಟೋದಿಲ್ವೇ, ಆ ಹನೀನೇ ಹಿಡಿಯೋ ಕೆಲಸ ಅದು. ಮೊಳಕೆ ಬಾರ್ಲಿ ಬಿಟ್ಟು ಬೇರೆ ಧಾನ್ಯ ಹಾಕದೆ, ಒಂದೇ ಡಿಸ್ಟಿಲರೀಲಿ ಮಾಡಿದ್ರೆ ಸಿಂಗಲ್ ಮಾಲ್ಟ್. ಸ್ಕಾಟ್ಲೆಂಡಿನಲ್ಲಿ ಇಳಿಸಿ, ಅಲ್ಲೇ ಓಕ್ ಮರದ ಪೀಪಾಯೀಲಿ ಕಡಿಮೆ ಅಂದ್ರೂ 3 ವರ್ಷ ಇಟ್ಟಿದ್ರೆ ಅದಕ್ಕೆ ಸ್ಕಾಚ್ ಅನ್ನೋ ಹೆಸರು. ಬೆಂಗಳೂರಲ್ಲಿ ಮಾಡಿದ್ದಕ್ಕೆ ಆ ಹೆಸರಿಲ್ಲ, ಕ್ರಮ ಮಾತ್ರ ಅದೇ.

ಸ್ಕಾಟ್ಲೆಂಡಿನ ಸರ್ಕಾರಿ ಲೆಕ್ಕದಲ್ಲಿ 1494ರಲ್ಲೇ ಒಬ್ಬ ಸನ್ಯಾಸಿಗೆ ಇದಕ್ಕಂತ ಮಾಲ್ಟ್ ಕೊಟ್ಟ ಬರಹ ಇದೆ. ಅಲ್ಲೂ ಇದು ಮೊದ್ಲು ರೈತರ ಮನೆ ಕೆಲಸ, ಅಲ್ಲೂ ಕಳ್ಳಭಟ್ಟಿ. ಸುಮಾರು 1811ರಿಂದ ಕಾರ್ಡೂ ಅನ್ನೋ ತೋಟದಲ್ಲಿ ಹೆಲೆನ್ ಕಮ್ಮಿಂಗ್ ಅನ್ನೋ ಹೆಂಗಸು ಮನೇಲೇ ಭಟ್ಟಿ ಇಳಿಸೋಳು. ಅಬಕಾರಿಯೋರು ಬಂದ್ರೆ ರೊಟ್ಟಿ ಸುಡ್ತಿದೀನಿ ಅಂತ ಹಿಟ್ಟು ಮೆತ್ತಿದ ಕೈ ತೋರಿಸಿ, ಅವರನ್ನ ಊಟಕ್ಕೆ ಕೂರಿಸಿ, ಹಿತ್ತಲಲ್ಲಿ ಕೆಂಪು ಬಾವುಟ ಏರಿಸಿ ಅಕ್ಕಪಕ್ಕದೋರಿಗೆ ಎಚ್ಚರ ಕೊಡೋಳು ಅಂತ ಕತೆ ಹೇಳ್ತಾರೆ. 1824ರಲ್ಲಿ ಆ ಮನೆಗೆ ಲೈಸೆನ್ಸು ಸಿಕ್ತು. ಮುಂದೆ ಅವಳ ಸೊಸೆ ಎಲಿಜಬೆತ್ ಅದನ್ನ ದೊಡ್ಡದು ಮಾಡಿ, 1893ರಲ್ಲಿ ಜಾನಿ ವಾಕರ್ ಕಂಪನಿಗೆ ಮಾರಿದ್ಲು. ಆ ಅತ್ತೆ ಸೊಸೆ ಹೆಸರು ಇವತ್ತಿಗೂ ಉಳಿದದೆ. ನಮ್ಮ ಕಡೆ ಭಟ್ಟಿ ಕಾಸಿ ಮಕ್ಕಳನ್ನ ಸಾಕಿದ ಹೆಂಗಸರ ಹೆಸರು ಪೊಲೀಸ್ ಕೇಸಲ್ಲಿ ಬಿಟ್ರೆ ಇನ್ನೆಲ್ಲೂ ಸಿಗೋದಿಲ್ಲ.

ಅಮೃತ್ ಕಂಪನಿ 1948ರಲ್ಲಿ ಬೆಂಗಳೂರಲ್ಲಿ ಶುರುವಾಯ್ತು, ಮಾಡಿದೋರು ರಾಧಾಕೃಷ್ಣ ಜಗದಾಳೆ. ಸಮುದ್ರ ಕಡೆದಾಗ ಬಂದ ಅಮೃತದ ಹೆಸರು ಅದಕ್ಕೆ. ಮೊದ್ಲು ಅವರೂ ಬ್ರಾಂದಿ, ರಮ್ಮು, ಎಲ್ಲಾರ ಹಂಗೆ. ಮಗ ನೀಲಕಂಠ ರಾವ್ ಜಗದಾಳೆ ಕಾಲದಲ್ಲಿ, 1980ರ ದಶಕದಲ್ಲಿ ಬಾರ್ಲಿಯ ಮಾಲ್ಟ್ ಮಾಡೋಕೆ ಹಿಡಿದ್ರು. ಡಿಸ್ಟಿಲರಿ ಇರೋದು ಮೈಸೂರು ರಸ್ತೇಲಿ, ಕುಂಬಳಗೋಡಿನ ಹತ್ತಿರ ಕಂಬೀಪುರದಲ್ಲಿ. ಮಂಡ್ಯದ ಮೇಲೆ ಬೆಂಗಳೂರಿಗೆ ಹೋಗೋವಾಗ ಕೆಂಗೇರಿಗೆ ಮುಂಚೆ ಸಿಗೋ ಜಾಗ. ನಾನು ಎಷ್ಟು ಸಲ ಬಸ್ಸಲ್ಲಿ ತೂಕಡಿಸ್ಕೊಂಡು ದಾಟಿದೀನೋ! ಅವರ ಮಗ ರಕ್ಷಿತ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಓದೋವಾಗ, ಇಂಡಿಯಾದ ಸಿಂಗಲ್ ಮಾಲ್ಟ್ ಅಲ್ಲಿ ನಡೀತದಾ ನೋಡು ಅಂತ ಅಪ್ಪನೇ ಹಚ್ಚಿದ್ರು. ಹೆಸರು ಮುಚ್ಚಿಟ್ಟು ಕೊಟ್ಟಾಗ ರುಚಿ ನೋಡಿದೋರು ಇದು ಸ್ಕಾಚೇ ಅಂದ್ಕೊಂಡ್ರಂತೆ. 2004ರ ಆಗಸ್ಟ್ 24ರಂದು ಅದನ್ನ ಮೊದ್ಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ. ಕಮ್ಮಾರನ ಬೀದೀಲಿ ಸೂಜಿ ಮಾರೋಕೆ ಹೋದಂಗೆ! 2010ರ ವಿಸ್ಕಿ ಬೈಬಲ್ ಅನ್ನೋ ಪುಸ್ತಕದಲ್ಲಿ ಜಿಮ್ ಮರ್ರೆ ಇವರ ಫ್ಯೂಷನ್ ಅನ್ನೋದಕ್ಕೆ 97 ನಂಬರು ಕೊಟ್ಟು ಪ್ರಪಂಚಕ್ಕೇ ಮೂರನೇದು ಅಂದ. ಹೊರಗೆ ಹೆಸರಾದ ಮೇಲೇ ಬೆಂಗಳೂರಲ್ಲಿ ಮಾರಾಟಕ್ಕೆ ಬಂದದ್ದು.

ಇನ್ನು ಪೀಪಾಯಿ ವಿಷಯ. ಅಮೆರಿಕದಲ್ಲಿ ಬರ್ಬನ್ ಅಂತ ಒಂದು ವಿಸ್ಕಿ ಇದೆ, ಅರ್ಧಕ್ಕಿಂತ ಹೆಚ್ಚು ಮುಸುಕಿನ ಜೋಳ. ಅದನ್ನ ಹೊಸ ಓಕ್ ಪೀಪಾಯಿ ಒಳಗೆ ಬೆಂಕಿ ಹಿಡಿಸಿ, ಸುಟ್ಟು ಕರ್ರಗೆ ಮಾಡಿ ತುಂಬಬೇಕು ಅಂತ 1930ರ ದಶಕದಿಂದ ಅಲ್ಲಿ ಕಾನೂನು. ಒಂದು ಸಲ ಬಳಸಿದ ಪೀಪಾಯೀನ ಮತ್ತೆ ಬರ್ಬನ್‌ಗೆ ಬಳಸಂಗಿಲ್ಲ. ಹಂಗಾಗಿ ಹಳೇ ಪೀಪಾಯಿ ಅಗ್ಗಕ್ಕೆ ಸ್ಕಾಟ್ಲೆಂಡಿಗೂ ಹೋಗ್ತವೆ, ಕಂಬೀಪುರಕ್ಕೂ ಬರ್ತವೆ. ಒಂದೊಂದು ಸುಮಾರು 200 ಲೀಟರ್ ಹಿಡೀತದೆ. ನಮ್ಮ ಉಪ್ಪಿನಕಾಯಿ ಜಾಡಿ ಲೆಕ್ಕ ನೋಡಿ. ಹಳೇ ಜಾಡೀಲಿ ಹೊಸ ಕಾಯಿ ಹಾಕಿದ್ರೆ ಹಿಂದಿನ ಸಾಲಿನ ಘಮ ಮೆಲ್ಲಗೆ ಸೇರ್ತದೆ. ಮರದ ಖಾರವನ್ನೆಲ್ಲ ಬರ್ಬನ್ ಆಗ್ಲೇ ಕುಡಿದಿರ್ತದೆ, ಉಳಿದ ಸಿಹಿ ಎರಡನೇದಕ್ಕೆ ಬರ್ತದೆ. ಅದಕ್ಕೇ ಬಣ್ಣ ತಿಳಿ, ರುಚಿ ಹಗುರ. ಕೆಲವು ಕಡೆ ಬಾರ್ಲೀನ ಪೀಟ್ ಅನ್ನೋ ಜೌಗು ಮಣ್ಣಿನ ಹೊಗೇಲಿ ಒಣಗಿಸ್ತಾರೆ, ಅದು ಗಡುಸು, ಬೆರಣಿ ಹೊಗೆ ಕುಡಿದ ಹಂಗೆ. ಇದರಲ್ಲಿ ಆ ಹೊಗೆ ಇರಲಿಲ್ಲ.

ಪೀಪಾಯಿ ಮರ ಉಸಿರಾಡ್ತದೆ, ಒಳಗಿರೋದು ವರ್ಷಾ ವರ್ಷಾ ಆರ್ತದೆ. ಆರಿದ್ದಕ್ಕೆ ಅವರು ದೇವತೆಗಳ ಪಾಲು ಅಂತಾರೆ. ಸ್ಕಾಟ್ಲೆಂಡಿನ ಚಳೀಲಿ ವರ್ಷಕ್ಕೆ ಸುಮಾರು 2 ಪರ್ಸೆಂಟ್, ಬೆಂಗಳೂರಿನ ಹವೇಲಿ 10ಕ್ಕೂ ಮೇಲೆ. ಲೆಕ್ಕ ಹಾಕಿ: 200 ಲೀಟರಿನಲ್ಲಿ ಐದು ವರ್ಷಕ್ಕೆ ಅಲ್ಲಿ 20 ಲೀಟರ್ ಹೋದ್ರೆ ಇಲ್ಲಿ 80 ಹೋಗ್ತದೆ. ಅದೇ ಶಾಖಕ್ಕೆ ಮರದ ರುಚೀನೂ ಬೇಗ ಇಳೀತದೆ, ಅಲ್ಲಿ ಹತ್ತು ಹನ್ನೆರಡು ವರ್ಷ ಕಾಯೋದಕ್ಕೆ ಇಲ್ಲಿ ನಾಕೈದು ವರ್ಷ ಸಾಕು. ಇದನ್ನ ಹುಡುಗ ಹೇಳಿದಾಗ ನನ್ನ ತಮ್ಮ ನಕ್ಕ. ಅವ್ವ ನಗಲಿಲ್ಲ. "ನಮ್ಮನೇಲಿ ಆ ಪಾಲು ತಿಂದೋರು ದೇವತೆಗಳಲ್ಲ" ಅಂದ್ಲು.

ಮೂಸಿದ್ಯಾ, ಕುಡಿದ್ಯಾ ಅಂತ ನೀವು ಕೇಳೇ ಕೇಳ್ತೀರಿ. ಸುಳ್ಳು ಹೇಳೋದಿಲ್ಲ, ಎರಡೂ ಮಾಡ್ದೆ. ಚಿಕ್ಕ ಲೋಟದಲ್ಲಿ ಒಂದು ಚಮಚದಷ್ಟು ಹಾಕಿ ಕೊಟ್ಟ. ಮೂಗು ಒಳಗೆ ತೂರಿಸ್ಬ್ಯಾಡ, ಬಾಯಿ ಸ್ವಲ್ಪ ತೆರೆದು ಮೆಲ್ಲಗೆ ಎಳ್ಕೊ ಅಂದ. ಮೊದ್ಲು ಮೂಗು ಉರೀತು. ಆಮೇಲೆ ಆಲೆಮನೇಲಿ ಪಾಕ ಏರೋವಾಗಿನ ಘಮ. ಅದರ ಹಿಂದೆ ಕಳಿತ ಬಾಳೆಹಣ್ಣು, ಹೊಸ ಮರದ ಪೆಟ್ಟಿಗೆ ಬಾಗಿಲು ತೆಗೆದಂಗೆ. ಬಾಟ್ಲಿ ಮೇಲೆ 46 ಪರ್ಸೆಂಟ್ ಅಂತಿತ್ತು, ಸಾರಾಯಿಗಿಂತ ಜಾಸ್ತಿ. ಎರಡು ಹನಿ ನೀರು ಬಿಟ್ಟ ಮೇಲೆ ಉರಿ ಇಳಿದು, ಹುರಿಟ್ಟಿನ ವಾಸನೆ ಎದ್ದು ಬಂತು. ನಾಲಿಗೆ ತುದೀಲಿ ಇಟ್ಕೊಂಡೆ. ಜೇನು, ಆಮೇಲೆ ಮೆಣಸು, ಕೊನೇಲಿ ಕಾಳು ಜಗಿದ ಸಿಹಿ. ಚೆನ್ನಾಗಿತ್ತು. ಚೆನ್ನಾಗಿತ್ತು ಅಂತ ಬರೆಯೋಕೆ ನನಗೆ ಇಷ್ಟು ದಿನ ಹಿಡೀತು.

ಆದ್ರೆ ನುಂಗಿದ ಮೇಲೆ, ಉಸಿರು ಬಿಟ್ಟಾಗ, ಒಂದು ಗಳಿಗೆ ಅಪ್ಪನ ಟವೆಲ್ಲಿನ ವಾಸನೆ ಬಂತು. ಕಾಕಂಬೀದಾಗ್ಲಿ ಬಾರ್ಲೀದಾಗ್ಲಿ, ಒಳಗಿರೋ ಮದ್ಯಸಾರ ಒಂದೇ. ಮರ, ತಾಮ್ರ, ವರ್ಷ, ಇವೆಲ್ಲ ಅದರ ಮೇಲೆ ಹೊದೆಸಿದ ಬಟ್ಟೆ. ಲೋಟ ಕೆಳಗಿಟ್ಟೆ.

ಸಾಯಂಕಾಲ ಹೊರಡೋ ಹೊತ್ತಿಗೆ ಬಾಟ್ಲೀಲಿ ಇನ್ನೂ ಮುಕ್ಕಾಲು ಇತ್ತು. ಅಪ್ಪನಿಗೆ ಇರಲಿ ಅಂತ ಹುಡುಗ ಬೀರುವಿನ ಮೇಲಿಟ್ಟ. ಅವ್ವ ಎದ್ದು ಬಂದು, ಡಬ್ಬದ ಸಮೇತ ಅವನ ಕೈಗಿಟ್ಲು. "ಒಳ್ಳೇದೇ ಇರಬೋದು ಕಣ್ ಮಗ. ಈ ಮನೇಲಿ ರಾತ್ರಿ ಕಳೆಯಂಗಿಲ್ಲ." ಅವನು ಎದುರು ಮಾತಾಡ್ದೆ ಕಾರಿಗೆ ಇಟ್ಕೊಂಡ.

ಹೋದ ವಾರ ಊರಿಗೆ ಹೋದಾಗ ಇಲ್ಲಿ ಬರೆದದ್ದನ್ನೆಲ್ಲ ಅವ್ವನಿಗೆ ಹೇಳ್ದೆ. ಜಗಲಿ ಮೇಲೆ ಕೂತು ಪೂರಾ ಕೇಳಿದ್ಲು. ರಾಗಿ ಸರಿ ಮಾತು ಬಂದಾಗ ತಲೆ ಆಡಿಸಿದ್ಲು, ರೊಟ್ಟಿ ಸುಟ್ಟ ಹೆಂಗಸಿನ ಕತೆಗೆ ನಕ್ಕಳು. "ಹಂಗಾಗಿ ಅಪ್ಪ ಕುಡಿದದ್ದು ಇದಲ್ಲ ಕಣವ್ವ, ಅದು ಬೇರೆ" ಅಂತ ಮುಗಿಸ್ದೆ.

ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ಲು: "ನಾ ಕೇಳಿದ್ದು ಅದಲ್ಲ ಕಣೇ. ನಾನು ದುಡ್ಡು ಬಚ್ಚಿಡ್ತಿದ್ದೆ. ಅವ್ನು ಕೆಟ್ಟದ್ದು ಹುಡುಕ್ಕಂಡು ಹೋದ. ಇಂಥ ಒಳ್ಳೇದು ಕುಡ್ದಿದ್ರೆ ಉಳೀತಿದ್ನಾ ಅಂತ."

ಇಪ್ಪತ್ತೈದು ವರ್ಷಕ್ಕೂ ಮೇಲೆ ಅವಳು ಇದನ್ನ ಒಳಗೇ ಇಟ್ಕೊಂಡಿದ್ಲು ಅಂತ ನನಗೆ ಗೊತ್ತೇ ಇರಲಿಲ್ಲ. ಇದಕ್ಕೆ ಮಾತ್ರ ಪುಸ್ತಕ ನೋಡೋ ಹಂಗಿರಲಿಲ್ಲ. "ಇಲ್ಲ ಕಣವ್ವ. ಅಪ್ಪ ಕುಡೀತಿದ್ದಷ್ಟು ದಿನಾ ಕುಡಿದಿದ್ರೆ ಇದೂ ಅದೇ ಮಾಡೋದು. ಈಲಿಗೆ ಪೀಪಾಯಿ ಗೊತ್ತಾಗಲ್ಲ. ನೀನು ಬಚ್ಚಿಟ್ಟ ದುಡ್ಡಲ್ಲೇ ನಾವು ಓದಿದ್ದು" ಅಂದೆ.

"ಹಂಗಾರೆ ಸರಿ" ಅಂದ್ಲು. ಕುಟಾಣಿ ಎಳ್ಕೊಂಡು ಅಡಿಕೆ ಕುಟ್ಟೋಕೆ ಶುರು ಮಾಡಿದ್ಲು.

ನಿಮ್ಮ ಮನೇಲೂ ಅವ್ವನೋ ಅತ್ತೇನೋ ಇಂಥ ಒಂದು ಮಾತು ಇಟ್ಕೊಂಡು ಕೂತಿರಬೋದು. ಪುರಸೊತ್ತು ಮಾಡ್ಕೊಂಡು ಒಂದ್ಸಲ ಪಕ್ಕದಲ್ಲಿ ಕೂತ್ಕೊಳ್ರವ್ವಾ.